ಆರ್ಲೋನ್: ಗಡಿಯಂಚಿನ ಪುಟ್ಟ ರಾಜಧಾನಿ

ವಾಚಕರು ಯೂರೋಪು ಖಂಡದ ಭೂಪಟವನ್ನು ಬಿಡಿಸಿ ಬೆಲ್ಜಿಯಂ ದೇಶದ ಆಗ್ನೇಯ ಮೂಲೆಯತ್ತ ದೃಷ್ಟಿಯನ್ನು ಹಾಯಿಸಿದರೆ ಆರ್ಲೋನ್ ಎಂಬ ಹೆಸರು ಕಾಣುವುದು. ಇದು ಲಕ್ಸೆಂಬರ್ಗ್ ಪ್ರಾಂತದ ರಾಜಧಾನಿ. ಅದೇ ಹೆಸರಿನ ಸ್ವತಂತ್ರ ರಾಜ್ಯವು ಪಕ್ಕದಲ್ಲಿಯೇ ಇರುವುದಾದರೂ ಅದು ಬೇರೆ, ಈ ಪ್ರಾಂತವು ಬೇರೆ. ಬೆಲ್ಜಿಯಮಿನ ಹತ್ತು ಪ್ರಾಂತಗಳಲ್ಲಿ ಇದು ವಿಸ್ತಾರದಲ್ಲಿ ಮೊದಲನೆಯದು, ಜನಸಾಂದ್ರತೆಯಲ್ಲಿ ಕೊನೆಯದು. ರಾಜಧಾನಿಯ ಜನಸಂಖ್ಯೆಯೂ ಸುಮಾರು 30,000 ಮಾತ್ರ.

ಊರು ಸಮುದ್ರಮಟ್ಟಕ್ಕಿಂತ 400 ಮೀಟರಿಗೂ ಎತ್ತರವಾದ ಗುಡ್ಡದ ಮೇಲಿದೆ. ಸೆಮ್ವಾ ನದಿಯು ಊರೊಳಗೇ ಹುಟ್ಟಿ ಪಶ್ಚಿಮಕ್ಕೆ ಹರಿದು, ಫ್ರಾನ್ಸಿನಲ್ಲಿ ಮ್ಯೂಸ್ ನದಿಯನ್ನು ಸೇರುತ್ತದೆ. ಸಮೀಪದಲ್ಲಿಯೇ ಉದ್ಭವಿಸುವ ಅಟ್ಟೆರ್ಟ್ ಎಂಬ ಹೊಳೆಯ ನೀರಾದರೋ ಪೂರ್ವಾಭಿಮುಖವಾಗಿ ಸಾಗಿ ಕೊನೆಗೆ ರೈನ್ ನದಿಯ ಪಾಲಾಗುತ್ತದೆ. ಹೀಗೆ ನೆರೆಹೊರೆಯಲ್ಲಿ ಬಿದ್ದ ಮಳೆಹನಿಗಳು ಬೇರೆ ಬೇರೆ ದಾರಿ ಹಿಡಿಯುತ್ತವೆ. ಇಲ್ಲಿಯ ಜನರ ಚರಿತ್ರೆಯೂ ಹೆಚ್ಚುಕಡಿಮೆ ಹೀಗೆಯೇ ಎಂಬುದನ್ನು ಮುಂದೆ ಕಾಣುವೆವು.

ನಮ್ಮ ಜ್ಯೋತಿಷಗ್ರಂಥಗಳು ರೋಮಕರೆಂದು ಹೆಸರಿಸುವ ರೋಮನರ ಕಾಲದಲ್ಲಿ ಈ ಊರಿಗೆ ಒರೊಲಾನಂ ಎಂಬ ಹೆಸರಿದ್ದಿತು. ರ್‍ಯಾಂಸ್ ಪಟ್ಟಣದಿಂದ ಟ್ರಿಯರಿಗೆ ಹೋಗುವ ರಾಜಮಾರ್ಗವು ಇಲ್ಲಿ ಹಾಯುತ್ತಿದ್ದುದರಿಂದ ವ್ಯಾಪಾರವು ಬೆಳೆದು ಜನರು ಧನಿಕರಾದರು. ಗತಿಸಿದ ಹಿರಿಯರಿಗೆ ಚಿತ್ರಗಳನ್ನು ಕೆತ್ತಿದ ಭವ್ಯ ಸಮಾಧಿಗಳನ್ನು ಕಟ್ಟಿಸಿದರು. ತರುವಾಯ 3ನೆಯ ಶತಮಾನದಲ್ಲಿ ಜರ್ಮಾನಿಕ್ ಪಂಗಡಗಳ ದಾಳಿಗಳು ಮೊದಲಾದುವು. ಭಯಗ್ರಸ್ತರಾದ ಪುರಜನರು ಕೋಟೆಗೋಡೆಯನ್ನು ಎಬ್ಬಿಸುವಾಗ ಆ ಸಮಾಧಿಗಳ ಕಲ್ಲುಗಳನ್ನೇ ಅಸ್ತಿವಾರಕ್ಕೆ ಹಾಕಿದರು. ಅಂದು ಅದು ಪಿತೃಗಳಿಗೆ ಎಸಗಿದ ಅಪಚಾರವಾಗಿ ತೋರಿರಬಹುದು. ಆದರೆ ಮಣ್ಣಿನಡಿಯಲ್ಲಿ ಅಡಗಿದ್ದ ಕಾರಣದಿಂದಲೇ ಆ ಶಿಲ್ಪಗಳು ಉಳಿದುವು. ವಸ್ತ್ರವ್ಯಾಪಾರಿಗಳೂ ಬೇಸಾಯಗಾರರೂ ತಂತಮ್ಮ ಕೆಲಸದಲ್ಲಿ ನಿರತರಾಗಿರುವ ದೃಶ್ಯಗಳನ್ನು ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ನೋಡಬಹುದು.

ಮಧ್ಯಯುಗದಲ್ಲಿ ಗುಡ್ಡದ ನೆತ್ತಿಯಲ್ಲಿ ಸಾಮಂತರ ಕೋಟೆಯಿದ್ದಿತು. 1558ರಲ್ಲಿ ಫ್ರೆಂಚರು ಊರನ್ನು ಹಾಳುಗೆಡವಿದರು. 17ನೆಯ ಶತಮಾನದಲ್ಲಿ ಕಪೂಚಿನ್ ಸನ್ಯಾಸಿಗಳು ಆ ಸ್ಥಳದಲ್ಲಿ ಮಠವನ್ನು ಕಟ್ಟಿದರು. ಈಗ ಅಲ್ಲಿ ಸಂತ ದೊನಾತನ ಇಗರ್ಜಿಯಿದೆ.

1839ರ ಲಂಡನ್ ಒಪ್ಪಂದದಿಂದ ಲಕ್ಸೆಂಬರ್ಗ್ ನಾಡು ಇಬ್ಭಾಗವಾಯಿತು. ಎಲ್ಲೆಯ ಗೆರೆಯು ಬಹುಮಟ್ಟಿಗೆ ಭಾಷೆಯನ್ನು ಅನುಸರಿಸಿತು. ಫ್ರೆಂಚ್ ಭಾಷೆಯ ಪಶ್ಚಿಮಭಾಗವು ಬೆಲ್ಜಿಯಮಿಗೆ ಸಂದಿತು. ಜರ್ಮನಿಗೆ ಹತ್ತಿರದ ನುಡಿಯನ್ನಾಡುವ ಪೂರ್ವಭಾಗವು ಬೇರೆಯಾಯಿತು. ಆದರೆ ಆರ್ಲೋನ್ ಈ ನಿಯಮಕ್ಕೆ ಹೊರತಾಯಿತು. ಮನೆಯಲ್ಲಿ ಲಕ್ಸೆಂಬರ್ಗಿನ ನುಡಿಯನ್ನಾಡಿ ತಮ್ಮ ಊರನ್ನು ಆರೆಲ್ ಎಂದು ಕರೆಯುತ್ತಿದ್ದ ಜನರು ಬೆಲ್ಜಿಯಮಿನ ಪ್ರಜೆಗಳಾದರು. ಕಚೇರಿಯ ಭಾಷೆ ಫ್ರೆಂಚ್; ಪಾಠಶಾಲೆಯಲ್ಲಿಯೂ ಕ್ರಮೇಣ ಅದೇ ಮೇಲುಗೈಯಾಯಿತು.

ಆಮೇಲೆ ಮಹಾಯುದ್ಧಗಳು ಬಂದುವು. 1914ನೆಯ ಆಗಸ್ಟ್ 26ರಂದು, ರೊಸಿನ್ಯೋಲ್ ಗ್ರಾಮದಿಂದಲೂ ಅದರ ಸುತ್ತಮುತ್ತಲಿನಿಂದಲೂ ಹಿಡಿದುತಂದ ನೂರಕ್ಕೂ ಹೆಚ್ಚು ಮಂದಿ ನಿರಪರಾಧಿಗಳನ್ನು ಜರ್ಮನ್ ಸೈನಿಕರು ಆರ್ಲೋನಿನಲ್ಲಿ ಗುಂಡಿಕ್ಕಿ ಕೊಂದರು. 1940ರಿಂದ 1944ರವರೆಗೆ ಊರು ಮತ್ತೊಮ್ಮೆ ಶತ್ರುವಶವಾಯಿತು. ಶತ್ರುವಿನ ಭಾಷೆಗೆ ಹತ್ತಿರವಾದ ನುಡಿಯನ್ನು ಬೀದಿಯಲ್ಲಿ ಆಡಲು ಜನರು ಹಿಂಜರಿದರು. ತಾಯಂದಿರು ಮಕ್ಕಳೊಡನೆ ಫ್ರೆಂಚನ್ನೇ ಆಡತೊಡಗಿದರು. 1990ರಲ್ಲಿ ಬೆಲ್ಜಿಯಮಿನ ಫ್ರೆಂಚ್ ಭಾಷಾಸಮುದಾಯದ ಶಾಸನವೊಂದು ಆ ನುಡಿಗೂ ಪ್ರಾದೇಶಿಕ ಭಾಷೆಯೆಂಬ ಮನ್ನಣೆಯನ್ನು ಕೊಟ್ಟಿತು. ಅಷ್ಟರಲ್ಲಿ ಅದು ಹೆಚ್ಚಾಗಿ ಮುದುಕರ ಬಾಯಲ್ಲಿ ಮಾತ್ರ ಉಳಿದಿದ್ದಿತು.

ಬಹುಕಾಲ ಪಾಠ ಹೇಳಿದ ನಮಗೆ ಇಲ್ಲಿ ಒಂದು ಮಾತು ತೋರುತ್ತದೆ. ಕಲ್ಲನ್ನು ನೆಲದಲ್ಲಿ ಹೂತಿಟ್ಟರೆ ಸಾವಿರ ವರ್ಷಗಳ ಮೇಲೆಯೂ ಅಗೆದು ತೆಗೆಯಬಹುದು. ನುಡಿಗೆ ಆ ಭಾಗ್ಯವಿಲ್ಲ. ಒಂದು ತಲೆಮಾರಿನ ತಾಯಂದಿರು ಸುಮ್ಮನಾದರೆ ಮುಂದಿನ ತಲೆಮಾರಿಗೆ ಅದು ಪರಭಾಷೆಯೇ. ಶಾಲೆಯು ಮಕ್ಕಳಿಗೆ ಹೊಸ ಭಾಷೆಯನ್ನು ಕಲಿಸಲಿ, ಅದು ಅವಶ್ಯವೇ. ಮನೆಯ ನುಡಿಯನ್ನು ಕಾಯುವ ಹೊಣೆ ಮಾತ್ರ ಮನೆಯವರದು.