ಗಿಟಾರಿನೊಳಗೆ ಕೊಳಲು ಹೇಗೆ ಬಂತು?

ತಿಕೋಟಾ, ಬಬಲೇಶ್ವರ ಕಡೆ ರಸಮಂಜರಿ ಮುಗಿಸಿ ವೈರು ಸುತ್ತುವಾಗ ಯಾರಾದರೂ ವೇದಿಕೆ ಹತ್ತಿರ ಬಂದು ಕೇಳುತ್ತಾರೆ: "ಕೊಳಲು ಊದಿದವ್ರು ಯಾರ್ರಿ? ನಮಗ ಕಾಣಲೇ ಇಲ್ಲಲ್ಲ." ನಾನು ಗಿಟಾರು ತೋರಿಸುತ್ತೇನೆ. ಅವರು ನಂಬುವುದಿಲ್ಲ. ನಂಬದಿರುವುದೂ ಸಹಜವೇ. ತಂತಿ ಮೀಟಿದರೆ ತಂತಿಯ ದನಿ ಬರಬೇಕು, ಉಸಿರಿನ ದನಿ ಬರುವುದೆಂದರೇನು?

ವಿಜಯಪುರದ ಗಾಂಧಿ ಚೌಕದ ಹತ್ತಿರ ನನ್ನದೊಂದು ಸಣ್ಣ ರಿಪೇರಿ ಅಂಗಡಿ. ಆಂಪ್ಲಿಫೈಯರ್, ಮಿಕ್ಸರ್, ಕೀಬೋರ್ಡ್, ಮದುವೆಯ ಸೀಜನ್ನಿನಲ್ಲಿ ಡಿಜೆ ಸೆಟ್ಟು ಕೂಡ ಬಿಚ್ಚಿ ಜೋಡಿಸುತ್ತೇನೆ. ಸಂಜೆಯಾದರೆ ಆರ್ಕೆಸ್ಟ್ರಾದಲ್ಲಿ ಗಿಟಾರು. ಗಿಟಾರ್ ಸಿಂಥಸೈಜರ್ ಎಂಬ ವಾದ್ಯದಲ್ಲಿ ನನ್ನ ಎರಡೂ ಕಸುಬುಗಳು ಕೂಡುತ್ತವೆ. ಅದರ ಮುಚ್ಚಳ ತೆಗೆದು ನೋಡಿದವನಾಗಿ, ಅದನ್ನು ನುಡಿಸಿದವನಾಗಿ ನಾಲ್ಕು ಮಾತು ಹೇಳುತ್ತೇನೆ.

ಮೊದಲು ಸಾದಾ ಎಲೆಕ್ಟ್ರಿಕ್ ಗಿಟಾರು. ಉಕ್ಕಿನ ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿನಂಥ ತಾಮ್ರದ ತಂತಿಯ ಸುರುಳಿ. ಇದೇ ಪಿಕಪ್. ತಂತಿ ಅಲುಗಿದರೆ ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ, ಆಂಪ್ ಅದನ್ನು ದೊಡ್ಡದು ಮಾಡುತ್ತದೆ. ತೊಂದರೆ ಏನೆಂದರೆ ಆರೂ ತಂತಿಗಳ ಕಂಪನ ಒಂದೇ ವೈರಿನಲ್ಲಿ ಕಲೆತು ಬರುತ್ತದೆ. ಕಾರ್ಡ್ ಹಿಡಿದು ಬಾರಿಸಿದಾಗ ಯಾವ ತಂತಿಯಲ್ಲಿ ಯಾವ ಸ್ವರವಿದೆ ಎಂದು ಬಿಡಿಸಿ ಹೇಳುವುದು ಯಂತ್ರಕ್ಕೆ ಬಲು ಕಷ್ಟ. ಅದಕ್ಕಾಗಿ ಸಿಂಥ್ ಗಿಟಾರಿಗೆ ಬ್ರಿಜ್ಜಿನ ಪಕ್ಕದಲ್ಲೇ ಇನ್ನೊಂದು ತೆಳುವಾದ ಪಿಕಪ್ ಕೂರಿಸುತ್ತಾರೆ. ಅದರಲ್ಲಿ ತಂತಿಗೊಂದರಂತೆ ಆರು ಬೇರೆ ಬೇರೆ ಭಾಗಗಳು. ಆರು ದನಿಗಳೂ ಬೇರೆಬೇರೆಯಾಗಿಯೇ ಯಂತ್ರಕ್ಕೆ ಹೋಗಬೇಕಾದ್ದರಿಂದ ಕೇಬಲ್ಲಿಗೆ ಹದಿಮೂರು ಪಿನ್ನು. ತಂತಿಯ ದನಿ ಒಯ್ಯುವ ಪಿನ್ನು ಒಂದು ಬಗ್ಗಿದರೂ ಆ ತಂತಿ ಮೂಕಾಗುತ್ತದೆ. ಅಂಥ ಕೇಬಲ್ಲು ನಮ್ಮೂರಿನ ಅಂಗಡಿಯಲ್ಲಿ ಕೇಳಿದರೆ ಸಿಗುವ ಮಾಲಲ್ಲ, ಆರ್ಡರ್ ಕೊಟ್ಟು ಕಾಯಬೇಕು. ನನ್ನ ಚೀಲದಲ್ಲಿ ಯಾವಾಗಲೂ ಎರಡು ಇರುತ್ತವೆ.

ಜಪಾನಿನ ರೋಲ್ಯಾಂಡ್ ಕಂಪನಿ 1977ರಲ್ಲಿ ಜಿಆರ್-500 ಎಂಬ ಗಿಟಾರ್ ಸಿಂಥ್ ತಂದಿತು. 1980ರಲ್ಲಿ ಬಂದ ಜಿಆರ್-300 ಇಂದಿಗೂ ಹುಡುಕಿ ಕೊಳ್ಳುವವರಿರುವ ಯಂತ್ರ. ಅಮೆರಿಕದ ಪ್ಯಾಟ್ ಮೆಥೆನಿ 1982ರ 'ಆಫ್‌ರ‍್ಯಾಂಪ್' ಆಲ್ಬಮ್ಮಿನಲ್ಲಿ ಅದನ್ನು ತುತ್ತೂರಿಯಂತೆ ಹಾಡಿಸಿದರು. ಅದರೊಳಗೆ ಲೆಕ್ಕ ಹಾಕುವ ಕಂಪ್ಯೂಟರ್ ಇಲ್ಲ. ತಂತಿಯ ಕಂಪನವನ್ನು ನೇರವಾಗಿ ಹಿಂಬಾಲಿಸುವ ಅನಲಾಗ್ ಸರ್ಕ್ಯೂಟು. ಹಾಗಾಗಿ ದನಿಗಳು ಕಡಿಮೆ, ಆದರೆ ಬೆರಳು ಹೋದಲ್ಲಿಗೆ ದನಿಯೂ ಹೋಗುತ್ತದೆ.

1983ರಲ್ಲಿ ಮಿಡಿ ಬಂತು. ಎಲ್ಲ ಕಂಪನಿಗಳ ವಾದ್ಯಗಳೂ ಒಂದಕ್ಕೊಂದು ಮಾತಾಡಲು ಒಪ್ಪಿಕೊಂಡ ಡಿಜಿಟಲ್ ವ್ಯವಸ್ಥೆ ಅದು. ಗಿಟಾರು ಇನ್ನು ತನ್ನ ದನಿ ಕಳಿಸಬೇಕಾಗಿಲ್ಲ, 'ಇಂಥ ಸ್ವರ, ಇಷ್ಟು ಜೋರು' ಎಂಬ ಸುದ್ದಿ ಕಳಿಸಿದರೆ ಸಾಕು. ಆ ಕಡೆ ಕೊಳಲು, ಶಹನಾಯಿ, ವಯೊಲಿನ್ ಯಾವುದು ಬೇಕಾದರೂ ಮೊಳಗುತ್ತದೆ. ವೇದಿಕೆಯ ಕೊಳಲಿನ ಗುಟ್ಟು ಇಷ್ಟೇ. 2011ರ ಜಿಆರ್-55ರ ತನಕ ಇಂಥ ಯಂತ್ರಗಳು ಸಾಲಾಗಿ ಬಂದವು.

ಆದರೆ ಸುದ್ದಿ ಕಳಿಸಬೇಕಾದರೆ ಮೊದಲು ಸ್ವರ ಗುರುತಿಸಬೇಕು. ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಒಂದು ಸುತ್ತಿಗೆ 12 ಮಿಲಿಸೆಕೆಂಡು. ಎರಡು ಸುತ್ತಾದರೂ ಕೇಳದೆ ಯಂತ್ರ ಸ್ವರ ಹೇಳಲಾರದು ಎಂದಿಟ್ಟುಕೊಳ್ಳಿ: 24 ಮಿಲಿಸೆಕೆಂಡು ಅಲ್ಲೇ ಹೋಯಿತು, ಮೇಲೆ ಲೆಕ್ಕಾಚಾರದ ಸಮಯ ಬೇರೆ. ತೆಳು ತಂತಿಗೆ ಒಂದು ಸುತ್ತು 3 ಮಿಲಿಸೆಕೆಂಡಿನಲ್ಲೇ ಮುಗಿಯುವುದರಿಂದ ಅದು ಚುರುಕು. ನಮ್ಮ ಗೋಲಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಈ ಗೋಡೆಯ ಮಾತು ಸುಮಾರು 38 ಮೀಟರ್ ದಾಟಿ ಎದುರಿನ ಗೋಡೆ ಮುಟ್ಟಲು ನೂರು ಮಿಲಿಸೆಕೆಂಡಿಗೂ ಹೆಚ್ಚು ಬೇಕು. ದಪ್ಪ ತಂತಿಯ ತಡ ಅದರ ಕಾಲು ಭಾಗದಷ್ಟು. ಕೇಳುವವರಿಗೆ ಗೊತ್ತಾಗದು, ಢೋಲಕ್ಕಿನವನಿಗೆ ಮಾತ್ರ ಗೊತ್ತಾಗುತ್ತದೆ. ಗಿಟಾರಿನವನು ಸದಾ ಹಿಂದೆ ಬೀಳುತ್ತಾನೆ ಎಂದು ಮುಖ ಸಿಂಡರಿಸುತ್ತಾನೆ. ಇದಕ್ಕೆ ಕಸುಬಿನವರ ಉಪಾಯವೊಂದಿದೆ: ತೆಳು ತಂತಿಯಲ್ಲಿ ನುಡಿಸಿ, ಯಂತ್ರಕ್ಕೆ ಒಂದು ಸಪ್ತಕ ಕೆಳಗಿಳಿಸಲು ಹೇಳುವುದು.

ತಡಕ್ಕಿಂತ ದೊಡ್ಡ ಪ್ರಶ್ನೆಯನ್ನು ನನಗೆ ಕೇಳಿದವರು ಬಬಲೇಶ್ವರ ಕಡೆಯ ಒಬ್ಬ ಹಿರಿಯ ಪೇಟಿ (ಹಾರ್ಮೋನಿಯಂ) ಮಾಸ್ತರರು. ಪೂರ್ತಿ ಹಾಡು ಕೇಳಿ ಅಂದರು: "ದನಿ ಚಂದ ಅದ ತಮ್ಮಾ. ಆದ್ರ ಈ ಸ್ವರದಿಂದ ಆ ಸ್ವರಕ್ಕ ಹೋಗೂ ಹಾದಿ ಎಲ್ಲಿ ಅದ?" ಪೇಟಿಯವರೇ ಈ ಮಾತು ಕೇಳಿದ್ದು ನನಗೆ ನಗು ತರಿಸಿತು. ಹಾರ್ಮೋನಿಯಮ್ಮಿಗೆ ಮೀಂಡ್ ಬರುವುದಿಲ್ಲ, ಸ್ವರದಿಂದ ಸ್ವರಕ್ಕೆ ಜಾರಲಾಗದು ಎಂಬುದೂ ಒಂದು ಆಕ್ಷೇಪವಾಗಿ ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. "ಪೇಟಿ ಮ್ಯಾಗ ಆ ಬೈಗುಳ ನಾವು ತಿಂದೇವಿ. ಅದಕ್ಕ ಕೇಳಿದೆ" ಎಂದರು ಮಾಸ್ತರರು.

ಅವರ ಕಿವಿ ಸರಿಯಾಗಿಯೇ ಹಿಡಿದಿತ್ತು. ಮಿಡಿಯಲ್ಲಿ ಸ್ವರಗಳು ಮೆಟ್ಟಿಲುಗಳು. ನಡುವಿನ ಜಾರಿಕೆಯನ್ನು 'ಪಿಚ್ ಬೆಂಡ್' ಎಂಬ ಬೇರೆ ಸುದ್ದಿಯಾಗಿ ಕಳಿಸಬೇಕು. ಪ್ರತಿ ತಂತಿಗೂ ತನ್ನದೇ ಚಾನೆಲ್ ಇಲ್ಲದಿದ್ದರೆ ಒಂದು ತಂತಿ ಎಳೆದಾಗ ಎಲ್ಲವೂ ಜಾರುತ್ತವೆ. ಕಳಿಸುವ ಯಂತ್ರದಲ್ಲಿ ಬೆಂಡಿನ ಅಳತೆ ಹನ್ನೆರಡು ಮನೆ, ದನಿ ಕೊಡುವ ಯಂತ್ರದಲ್ಲಿ ಎರಡು ಮನೆ ಎಂದಿದ್ದರೆ ನೀವು ಎಳೆದದ್ದೊಂದು, ಕೇಳುವುದು ಇನ್ನೊಂದು. ನನ್ನ ಅಂಗಡಿಗೆ 'ಸಿಂಥ್ ಬೇಸೂರಾಗೈತಿ' ಎಂದು ಬರುವ ದೂರುಗಳಲ್ಲಿ ಇದು ಸಾಮಾನ್ಯ. ಬಿಚ್ಚುವ ಕೆಲಸವೇ ಇಲ್ಲ, ಎರಡೂ ಕಡೆ ಒಂದೇ ಅಂಕಿ ಹಾಕಿದರೆ ಮುಗಿಯಿತು. ಅಷ್ಟಾದರೂ ಬೆರಳು ಪಕ್ಕದ ತಂತಿಗೆ ತಗುಲಿದರೆ ಯಂತ್ರ ಅದನ್ನೂ ಸ್ವರವೆಂದು ತಿಳಿದು ಎಲ್ಲೋ ಒಂದು ಪೀಪಿ ಊದುತ್ತದೆ. ಸಾದಾ ಗಿಟಾರಿನಲ್ಲಿ ಮುಚ್ಚಿಹೋಗುವ ಒರಟುತನ ಇಲ್ಲಿ ಬಯಲಾಗುತ್ತದೆ.

ಗಿಟಾರಿನ ದನಿ ಬದಲಿಸಲು ಎರಡನೇ ದಾರಿ ಮಾಡೆಲಿಂಗ್. ಇದನ್ನೂ ಸಿಂಥನ್ನೂ ಒಂದೇ ಎಂದು ಅನೇಕರು ತಿಳಿದಿದ್ದಾರೆ, ಒಳಗಿನ ಕೆಲಸ ಬೇರೆ. ಮಾಡೆಲಿಂಗ್ ಯಂತ್ರ ಸ್ವರದ ಹೆಸರು ಕೇಳಿ ಬೇರೆ ದನಿ ಹುಟ್ಟಿಸುವುದಿಲ್ಲ. ತಂತಿಯ ಸ್ವಂತ ದನಿಯನ್ನೇ ಹಿಡಿದು ಅದರ ಬಣ್ಣ ಬದಲಿಸುತ್ತದೆ. ರೋಲ್ಯಾಂಡಿನ ವಿಜಿ-8 1995ರಲ್ಲಿ ಈ ದಾರಿ ತೆರೆಯಿತು. ಕೆಲವು ವರ್ಷಗಳ ನಂತರ ಲೈನ್ 6 ಕಂಪನಿಯ ವೇರಿಯಾಕ್ಸ್ ಆ ಲೆಕ್ಕಾಚಾರವನ್ನು ಗಿಟಾರಿನ ಹೊಟ್ಟೆಯೊಳಗೇ ಇಟ್ಟಿತು. ವೇರಿಯಾಕ್ಸಿನಲ್ಲಿ ಪ್ರತಿ ತಂತಿ ಕೂರುವ ಜಾಗದಲ್ಲಿ ಪೀಜೋ ಹರಳು. ಒತ್ತಿದರೆ ವಿದ್ಯುತ್ತು ಕೊಡುವ ಈ ಗುಣವೇ ಗ್ಯಾಸ್ ಲೈಟರಿನ ಕಿಡಿಗೂ ಕಾರಣ.

ಬಣ್ಣ ಬದಲಿಸುವುದು ಹೇಗೆ? ತಂತಿಯೊಂದು ಮೂಲಸ್ವರದ ಜತೆಗೆ ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ವೇಗದ ಕಂಪನಗಳನ್ನೂ ಹೊತ್ತಿರುತ್ತದೆ. ತಂತಿಯ ಉದ್ದದ ಕಾಲು ಭಾಗದಲ್ಲಿ ಪಿಕಪ್ ಇಟ್ಟರೆ, ನಾಲ್ಕು ಪಟ್ಟಿನ ಕಂಪನ ಅಲ್ಲಿ ಅಲುಗದೇ ನಿಲ್ಲುವುದರಿಂದ ಅದು ಪಿಕಪ್ಪಿಗೆ ಕೇಳಿಸುವುದೇ ಇಲ್ಲ. ಗಿಟಾರಿನಿಂದ ಗಿಟಾರಿಗೆ ದನಿ ಬೇರೆಯಾಗಲು ಪಿಕಪ್ಪಿನ ಜಾಗ, ಮರದ ಪೆಟ್ಟಿಗೆಯ ಮರುಮೊಳಗು ದೊಡ್ಡ ಕಾರಣಗಳು. ಯಾವ ಕಂಪನ ಅಡಗಬೇಕು, ಯಾವುದು ಏಳಬೇಕು ಎಂದು ಮಾಡೆಲಿಂಗ್ ಯಂತ್ರ ಲೆಕ್ಕದಲ್ಲೇ ಮಾಡಿಬಿಡುತ್ತದೆ. ಒಂದು ತಿರುಗಣೆ ತಿರುಗಿಸಿದರೆ ಹನ್ನೆರಡು ತಂತಿಯ ಗಿಟಾರು, ಇನ್ನೊಂದಕ್ಕೆ ಎಲೆಕ್ಟ್ರಿಕ್ ಸಿತಾರ್. ಸಿತಾರಿನ ಝೇಂಕಾರವೂ ಉಳಿಯುತ್ತದೆ, ನಾನು ಎಳೆದ ಎಳೆತವೂ ಉಳಿಯುತ್ತದೆ, ಏಕೆಂದರೆ ಮೀಂಡ್ ಮಾಡುತ್ತಿರುವುದು ನಿಜವಾದ ತಂತಿಯೇ. ಮಾಸ್ತರರ ಹಾದಿ ಇಲ್ಲಿ ತುಂಡಾಗುವುದಿಲ್ಲ. ಕೊಳಲು ಮಾತ್ರ ಬರುವುದಿಲ್ಲ. ಮೀಟಿದ ತಂತಿಯ ದನಿ ಏಳುತ್ತಲೇ ಇಳಿಯತೊಡಗುತ್ತದೆ, ಉಸಿರಿನಂತೆ ತುಂಬಿ ನಿಲ್ಲದು.

ವಾದ್ಯದ ಮೇಲಿನ ಹುಚ್ಚು ನಮ್ಮ ನೆಲಕ್ಕೆ ಹೊಸದಲ್ಲ. ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ದಾರಿಯಲ್ಲಿ ತೊರವಿ. ಎರಡನೇ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ನವರಸಪುರ ಕಟ್ಟಲು ತೊಡಗಿದ್ದು ಅಲ್ಲಿಯೇ, ಸಂಗೀತ ಮಹಲಿನ ಗೋಡೆಗಳು ಈಗಲೂ ನಿಂತಿವೆ. ರಾಗಗಳಿಗೆ ಹೊಂದಿಸಿ 'ಕಿತಾಬ್-ಎ-ನವರಸ್' ಬರೆದ ಆ ಸುಲ್ತಾನ ತನ್ನ ತಂಬೂರಕ್ಕೆ 'ಮೋತಿ ಖಾನ್' ಎಂದು ಹೆಸರಿಟ್ಟಿದ್ದ. ನಮ್ಮ ಕಾಲಕ್ಕೆ ಬಂದರೆ, ಬೆಂಗಳೂರಿನ ರಾಡೆಲ್ ಸಂಸ್ಥೆಯ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರ, ಡಿಜಿಟಲ್ ವೀಣೆ ರೂಪಿಸಿದವರು. ಅವರು ಎಂಜಿನಿಯರ್ ಹೌದು, ಕೊಳಲು ವಾದಕರೂ ಹೌದು. ಇಂಥ ಯಂತ್ರಕ್ಕೆ ಎರಡೂ ಕಿವಿ ಬೇಕು ಎಂಬುದು ನನ್ನ ನಂಬಿಕೆ.

ದ್ರಾಕ್ಷಿ ತೋಟದ ದುಡ್ಡು ಕೈಗೆ ಬಂದ ವರ್ಷ ತಿಕೋಟಾ ಕಡೆಯ ಹುಡುಗರು ಅಂಗಡಿಗೆ ಬಂದು 'ಯಾವುದು ತಗೊಳ್ಳೋಣು ಅಣ್ಣಾ?' ಎನ್ನುತ್ತಾರೆ. ಮದುವೆ, ಜಾತ್ರೆಯಲ್ಲಿ ಸಿನಿಮಾ ಹಾಡಿಗೆ ಕೊಳಲು, ಶಹನಾಯಿ ಬೇಕಿದ್ದರೆ ಮೊದಲು ನಿಮ್ಮ ಕೀಬೋರ್ಡಿನವನನ್ನು ಕೇಳಿ. ಆ ಕೆಲಸ ಅವನ ಹತ್ತಿರ ಅಗ್ಗದಲ್ಲಿ ಆಗುತ್ತದೆ. ವಚನ, ತತ್ವಪದ, ಭಾವಗೀತೆಗೆ ನುಡಿಸುವವರಿಗೆ ನಾನು ಮಾಡೆಲಿಂಗ್ ಗಿಟಾರನ್ನೇ ಹೇಳುತ್ತೇನೆ. ಅದರದ್ದೂ ಒಂದು ಕೊರತೆ ಇದೆ: ಯಂತ್ರದಲ್ಲಿ ಶ್ರುತಿ ಬದಲಿಸಿದರೂ ಕೈಯಲ್ಲಿನ ತಂತಿ ಹಳೆ ಶ್ರುತಿಯಲ್ಲೇ ಮೊಳಗುತ್ತದೆ, ಮನೆಯಲ್ಲಿ ಸಣ್ಣ ದನಿಯಲ್ಲಿ ಅಭ್ಯಾಸ ಮಾಡುವಾಗ ಎರಡೂ ಕೇಳಿ ತಲೆ ಕೆಡುತ್ತದೆ. ಹೆಡ್‌ಫೋನ್ ಬೇಕು.

ಕೊಳ್ಳುವ ಮುಂಚೆ ಪಟ್ಟಿಯಲ್ಲಿ ಎಷ್ಟು ದನಿ ಇವೆ ಎಂದು ಎಣಿಸಬೇಡಿ. ಒಂದು ದನಿ ಆರಿಸಿ. ಷಡ್ಜದಿಂದ ರಿಷಭಕ್ಕೆ ತಂತಿಯನ್ನು ಎಷ್ಟು ನಿಧಾನ ಸಾಧ್ಯವೋ ಅಷ್ಟು ನಿಧಾನ ಎಳೆಯಿರಿ, ಮೆಟ್ಟಿಲು ಕೇಳಿಸಿತೇ ನೋಡಿ. ಆಮೇಲೆ ಪಕ್ಕದಲ್ಲಿ ಢೋಲಕ್ಕಿನವನನ್ನು ಕೂರಿಸಿಕೊಂಡು ದಪ್ಪ ತಂತಿಯಲ್ಲಿ ಚುರುಕಾಗಿ ನುಡಿಸಿ, ಅವನ ಮುಖ ನೋಡಿ. ಇವೆರಡರಲ್ಲಿ ಗೆದ್ದ ಗಿಟಾರಿಗೆ ದುಡ್ಡು ಕೊಡಬಹುದು. ಸೋತದ್ದರಲ್ಲಿ ಸಾವಿರ ದನಿ ಇದ್ದರೂ ನಮ್ಮ ಹಾಡಿಗೆ ಅದು ಒದಗುವುದಿಲ್ಲ.