ರೋಗಾಣುವಿನೊಳಗಣ ಯಂತ್ರ

ಕ್ಷಯರೋಗದ ಚಿಕಿತ್ಸೆ ನಡೆದ ಮನೆಯವರಿಗೆ ರಿಫಾಂಪಿಸಿನ್ ಎಂಬ ಔಷಧದ ಪರಿಚಯವಿರುವುದು. ಅದನ್ನು ಸೇವಿಸಿದವರ ಮೂತ್ರವು ಕೆಂಪಡರುವುದನ್ನು ಕಂಡು ಗಾಬರಿಪಡುವವರೂ ಉಂಟು. ಆ ಬಣ್ಣದಿಂದ ಅಪಾಯವೇನೂ ಇಲ್ಲ. ಈ ಮದ್ದು ರೋಗಾಣುವನ್ನು ಕೊಲ್ಲುವ ಬಗೆಯನ್ನು ತಿಳಿಯಬೇಕಾದರೆ, ಅದರೊಳಗೆ ದುಡಿಯುವ ಒಂದು ಯಂತ್ರವನ್ನು ಮೊದಲು ನೋಡಬೇಕು.

ಜೀವಕೋಶದಲ್ಲಿ ಡಿ.ಎನ್.ಎ. ಎಂಬ ನೀಳವಾದ ಎಳೆಯುಂಟು. ಅದು ವಂಶದ ಮೂಲಗ್ರಂಥ. ಅದರ ಅಕ್ಷರಗಳನ್ನು ಒಂದೊಂದಾಗಿ ಓದಿ, ಆರ್.ಎನ್.ಎ. ಎಂಬ ನಕಲನ್ನು ಬರೆಯುತ್ತ ಸಾಗುವ ಲಿಪಿಕಾರನೇ ಆರ್.ಎನ್.ಎ. ಪಾಲಿಮರೇಸ್. 2005ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಟೀವನ್ ಬ್ಲಾಕ್ ಅವರೂ ಸಂಗಡಿಗರೂ ಇ. ಕೋಲಿ ಎಂಬ ಅಣುಜೀವಿಯ ಈ ಯಂತ್ರವನ್ನೂ ಎಳೆಯ ತುದಿಯನ್ನೂ ಎರಡು ಕಿರುಗುಂಡುಗಳಿಗೆ ಅಂಟಿಸಿ, ಆ ಗುಂಡುಗಳನ್ನು ಲೇಸರ್ ಬೆಳಕಿನಿಂದಲೇ ಹಿಡಿದು, ಅದರ ಹೆಜ್ಜೆಯನ್ನು ಅಳೆದರು. ಒಂದು ಹೆಜ್ಜೆಗೆ ಒಂದೇ ಅಕ್ಷರ. ಮಿಲಿಮೀಟರೊಂದನ್ನು ದಾಟಬೇಕಾದರೆ ಅಂತಹ ಸುಮಾರು 30 ಲಕ್ಷ ಹೆಜ್ಜೆಗಳು ಬೇಕು!

ಇದನ್ನು ಮುಂದಕ್ಕೆ ನೂಕುವವರಾರು? ಸುತ್ತಲಿನ ನೀರಿನ ಅಣುಗಳು ಶಾಖದಿಂದ ಚಲಿಸಿ ಎಡೆಬಿಡದೆ ಬಡಿಯುವುದರಿಂದ ಯಂತ್ರವು ಹಿಂದಕ್ಕೂ ಮುಂದಕ್ಕೂ ನಡುಗುತ್ತಲೇ ಇರುವುದು. ಮುಂದಕ್ಕೆ ಜರುಗಿದಾಗ ತೆರವಾದ ಸ್ಥಾನದಲ್ಲಿ ಹೊಸ ಅಕ್ಷರವು ಬಂದು ಕುಳಿತರೆ, ಹಿಂದಿರುಗುವ ದಾರಿ ಮುಚ್ಚುವುದು. ಆ ಅಕ್ಷರವು ನಕಲಿಗೆ ಬೆಸೆದುಕೊಳ್ಳುವಾಗ ವೆಚ್ಚವಾಗುವ ರಾಸಾಯನಿಕ ಶಕ್ತಿಯೇ ಆ ಹೆಜ್ಜೆಗೆ ತೆತ್ತ ಬೆಲೆ. ಗೋಡೆಯ ಗಡಿಯಾರಕ್ಕೆ ಕೀ ಕೊಡುವಾಗ, ಹಲ್ಲುಚಕ್ರವು ಹಿಂದಿರುಗದಂತೆ ಸಣ್ಣದೊಂದು ನಾಲಗೆಯು ಕಟಕಟನೆ ತಡೆಯುವುದಷ್ಟೆ, ಇಲ್ಲಿಯೂ ಹಾಗೆಯೇ. ಯಂತ್ರವೆಂಬ ಸಂಸ್ಕೃತ ಶಬ್ದಕ್ಕೂ ಬಿಗಿಹಿಡಿದು ತಡೆಯುವುದೆಂಬ ಮೂಲಾರ್ಥವುಂಟು.

ಕ್ಷಯದ ರೋಗಾಣುವಿನಲ್ಲಿಯೂ ಇಂತಹುದೇ ಯಂತ್ರವಿದೆ. ನಕಲಿನ ಎಳೆಯು ಹೊರಬರುವ ದಾರಿಗೆ ರಿಫಾಂಪಿಸಿನ್ ಅಡ್ಡಲಾಗಿ ಕೂಡುವುದು. ಎರಡು ಮೂರು ಅಕ್ಷರಗಳನ್ನು ಬರೆಯುವಷ್ಟರಲ್ಲಿ ಬರವಣಿಗೆ ನಿಂತುಹೋಗುವುದು. ನಕಲಿಲ್ಲದೆ ಹೊಸ ಪ್ರೋಟೀನುಗಳಿಲ್ಲ, ರೋಗಾಣು ಸಾಯುವುದು. ನಮ್ಮ ದೇಹದ ಕೋಶಗಳ ಯಂತ್ರದ ರಚನೆ ಬೇರೆಯಾದುದರಿಂದ ಈ ಮದ್ದು ಅದನ್ನು ನಿಲ್ಲಿಸದು.

ಆದರೆ ಕೋಟ್ಯಂತರ ರೋಗಾಣುಗಳಲ್ಲಿ ಎಲ್ಲಿಯೋ ಒಂದರ ಯಂತ್ರವು ತುಸು ರೂಪಾಂತರ ಹೊಂದಿ, ಮದ್ದಿಗೆ ಎಡೆಗೊಡದಿರಬಹುದು. ಅದಕ್ಕಾಗಿಯೇ ವೈದ್ಯರು ಹಲವು ಮದ್ದುಗಳನ್ನು ಕೂಡಿಸಿ, ಸಾಮಾನ್ಯವಾಗಿ 6 ತಿಂಗಳು ಕೊಡುವರು. ಕೆಮ್ಮು ನಿಂತಿತು, ಮೈ ತುಂಬಿತು ಎಂದು ನಡುವೆಯೇ ಬಿಟ್ಟರೆ, ಅಳಿದುಳಿದ ರೋಗಾಣುಗಳು ಮರಳಿ ಬೆಳೆದು, ಮಾರ್ಪಟ್ಟ ಯಂತ್ರವುಳ್ಳ ಸಂತಾನವೇ ಮನೆಮಂದಿಗೆಲ್ಲ ಹರಡೀತು. ಆಗ ರಿಫಾಂಪಿಸಿನ್ ನಿಷ್ಫಲ. ಆದುದರಿಂದ ಕೊನೆಯ ಗುಳಿಗೆಯನ್ನು ನುಂಗುವವರೆಗೂ ಮನೆಯ ಹಿರಿಯರು ರೋಗಿಯ ಬಳಿ ಕಾವಲಿರತಕ್ಕದ್ದು.