ಬರೋಲೊ ಬಾಟ್ಲಿ, ಅಜ್ಜನ ಕಳ್ಳು

ಈ ಲೇಖನ ಹುಟ್ಟಿದ್ದು ಮಾರ್ಕೆಟಿಂಗ್ ಪಾಠದಲ್ಲಿ. ಒಬ್ಬೊಬ್ಬರಿಗೆ ಒಂದೊಂದು ದೇಶದ ಸರಕು ಹಂಚಿದಾಗ ನನ್ನ ಪಾಲಿಗೆ ಬಂದದ್ದು ಇಟಲಿಯ ಪಿಯೆಮಾಂಟ್ ಪ್ರಾಂತ್ಯದ ವೈನು ಮತ್ತು ಅಡುಗೆ. ವೈನಿನ ಮುಖವನ್ನೇ ಕಾಣದ ನಾನು ಐರೋಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಕೂತು ಅದರ ಬಗ್ಗೆ ಹದಿನೈದು ಪುಟ ಬರೆದೆ. ಏಳನೇ ಕ್ಲಾಸಿನವರೆಗೆ ಕಾರ್ಕಳದ ಕಡೆ ಕನ್ನಡ ಶಾಲೆಯಲ್ಲಿ ಓದಿದವನಿಗೆ ಆ ಹೆಸರುಗಳ ಉಚ್ಚಾರವೇ ಒಂದು ಪರೀಕ್ಷೆ!

ಪಿಯೆಮಾಂಟ್ ಆಲ್ಪ್ಸ್ ಪರ್ವತದ ಬುಡದಲ್ಲಿರುವ ನಾಡು. ಅಲ್ಲಿನ ಹೆಸರಾಂತ ವೈನು ಬರೋಲೊ. ಇದನ್ನು ನೆಬ್ಬಿಯೋಲೊ ಎಂಬ ಒಂದೇ ಜಾತಿಯ ದ್ರಾಕ್ಷಿಯಿಂದ ಮಾಡಬೇಕು. ಆ ದ್ರಾಕ್ಷಿ ಗೊತ್ತುಮಾಡಿದ ಹನ್ನೊಂದು ಊರುಗಳ ಎಲ್ಲೆಯೊಳಗೇ ಬೆಳೆದಿರಬೇಕು. ಕಡಿಮೆಯೆಂದರೆ 38 ತಿಂಗಳು ಹಳತಾಗಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. 1980ರಲ್ಲಿ ಇಟಲಿ ಸರಕಾರ ಇದಕ್ಕೆ ತನ್ನ ಅತಿ ಮೇಲಿನ ದರ್ಜೆ ಕೊಟ್ಟಿತು. ಪಕ್ಕದ ಊರಿನವನು ಎಷ್ಟೇ ಚೆನ್ನಾಗಿ ಮಾಡಲಿ, ಬಾಟ್ಲಿ ಮೇಲೆ 'ಬರೋಲೊ' ಅಂತ ಬರೆದರೆ ಅಪರಾಧ. ಕಾಮರ್ಸಿನವರಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲಿಕ್ಕಿಲ್ಲ: ಅಲ್ಲಿ ಊರಿನ ಹೆಸರೇ ಬಂಡವಾಳ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ವೈನಲ್ಲ, ಮೀನು. ಪಿಯೆಮಾಂಟಿಗೆ ಸಮುದ್ರವೇ ಇಲ್ಲ. ಆದರೂ ಅಲ್ಲಿನ ಬಹಳ ಹಳೆಯ ತಿಂಡಿ 'ಬಾನ್ಯಾ ಕಾವ್ದಾ' ಅನ್ನುವುದು ಬೆಳ್ಳುಳ್ಳಿ, ಆಲಿವ್ ಎಣ್ಣೆ ಮತ್ತು ಉಪ್ಪು ಹಾಕಿದ ಆಂಚೊವಿ ಮೀನು ಸೇರಿಸಿ ಬಿಸಿಮಾಡಿದ ಗೊಜ್ಜು. ಚಳಿಗಾಲದಲ್ಲಿ ಎಲ್ಲರೂ ಸುತ್ತ ಕೂತು ತರಕಾರಿ ಅದ್ದಿಕೊಂಡು ತಿನ್ನುತ್ತಾರೆ. ಉಪ್ಪೂ ಮೀನೂ ಲಿಗೂರಿಯಾದ ಕಡಲತೀರದಿಂದ ಬೆಟ್ಟ ಹತ್ತಿ ಬರುತ್ತಿದ್ದವು. ಆಂಚೊವಿ ಅಂದರೆ ಬೇರೇನಲ್ಲ, ನಮ್ಮ ಬೊಳೆಂಜಿರ್ ಮೀನಿನ ಬಳಗವೇ!

ಉಪ್ಪು-ಮೀನಿನ ಈ ನೆಂಟಸ್ತನ ನೋಡಲು ಇಟಲಿಗೆ ಹೋಗಬೇಕಾಗಿಲ್ಲ. ಐರೋಲಿಯಲ್ಲೇ, ಠಾಣೆ ಖಾರಿಯ ಅಂಚಿನಲ್ಲಿ ದಿವಾ ಗಾಂವ್ ಇದೆ (ಲೋಕಲ್ ನಿಲ್ಲುವ ದಿವಾ ಜಂಕ್ಷನ್ ಬೇರೆ, ಗೊಂದಲ ಬೇಡ). ಕಟ್ಟಡಗಳು ಬರುವ ಮುಂಚೆ ಈ ಕಡೆಯ ಜನ ಕೋಳಿಗಳು ಮತ್ತು ಆಗ್ರಿಗಳು. ಆಗ್ರಿ ಅನ್ನುವ ಹೆಸರೇ ಬಂದದ್ದು ಆಗರದಿಂದ, ಅಂದರೆ ಉಪ್ಪಿನ ಗದ್ದೆಯಿಂದ. ನನ್ನ ಕ್ಲಾಸಿನ ಗೆಳೆಯನ ಮನೆ ಅಲ್ಲಿದೆ. ಅವನ ತಾಯಿ ಅಕ್ಕಿಹಿಟ್ಟಿನ ಭಾಕ್ರಿ ಜತೆಗೆ ಒಣ ಜವಳಾ ಬಡಿಸಿದರು. ಜವಳಾ ಅಂದರೆ ಉಗುರಿನಷ್ಟು ಸಣ್ಣ ಸಿಗಡಿ. ಇನ್ನೊಂದು ದಿನ ಖಾರಿಯ ಕೆಸರಿನಲ್ಲಿ ಕುಪ್ಪಳಿಸುವ ನಿವಟಿ ಮೀನಿನ ಸಾರು. ನೋಡಲು ಚಂದ ಇಲ್ಲ, ರುಚಿಗೆ ಎರಡು ಮಾತಿಲ್ಲ. ಈಗ ಖಾರಿಯ ನೀರು ಕೆಟ್ಟು ನಿವಟಿ ಮೊದಲಿನಷ್ಟು ಸಿಗೋದಿಲ್ಲ ಅಂತ ಆಕೆ ಅಂದರು. "ಹಿಂದೆ ಇದರ ಜತೆ ತಾಡಿ ಇರ್ತಿತ್ತು" ಅಂತ ಗೆಳೆಯನ ಅಜ್ಜ ಮೂಲೆಯಿಂದ ನಕ್ಕರು.

ನಾನು ತಲೆ ತಗ್ಗಿಸಿದೆ. ಯಾಕೆಂದರೆ ನನ್ನಜ್ಜ ಮೂರ್ತೆ ಕೆಲಸದವರು, ಕಳ್ಳು ಇಳಿಸುವವರು. ಇದನ್ನು ಈ ಊರಲ್ಲಿ ಯಾರಿಗೂ ಹೇಳಿರಲಿಲ್ಲ.

ಕಳ್ಳಿನ ಕಥೆ ವೈನಿಗೆ ತಿರುಗುಮುರುಗು. ಹೂಗೊಂಚಲಿನ ತುದಿಯನ್ನು ದಿನಾ ತೆಳ್ಳಗೆ ಕೆತ್ತಬೇಕು. ರಸ ತೊಟ್ಟಿಕ್ಕುವಾಗ ಸಿಹಿ; ಕುಡಿಕೆಯ ಒಳಗೆ ಸುಣ್ಣ ಬಳಿದಿದ್ದರೆ ಹಾಗೇ ನಿಂತು ನೀರಾ ಆಗುತ್ತದೆ. ಇಲ್ಲವಾದರೆ ಗಾಳಿಯ, ಮಡಕೆಯ ಈಸ್ಟ್ ಸೇರಿ ಕೆಲವೇ ಗಂಟೆಗಳಲ್ಲಿ ಅಮಲು. ಇನ್ನೂ ಇಟ್ಟರೆ ವಿನೆಗರ್. ಬರೋಲೊಗೆ ಕಾಲ ಬೆಲೆ ಕಟ್ಟುತ್ತದೆ, ಕಳ್ಳಿಗೆ ಕಾಲವೇ ವೈರಿ. ಹಾಗಾಗಿ ಅದು ಬಾಟ್ಲಿ ಸೇರದೆ ಅಡುಗೆಮನೆ ಸೇರಿತು. ಮಂಗಳೂರಿನ ಕ್ರೈಸ್ತರ ಸನ್ನಾ, ಠಾಣೆ-ವಸಯಿ ಕಡೆಯ ಈಸ್ಟ್ ಇಂಡಿಯನ್ನರ ಫುಗಿಯಾ, ಎರಡೂ ಹಿಂದೆ ಉಬ್ಬುತ್ತಿದ್ದದ್ದು ಕಳ್ಳಿನಿಂದ.

ಕಾನೂನಿನ ವಿಷಯ ಕೇಳಿ. 1878ರ ಬಾಂಬೆ ಅಬ್ಕಾರಿ ಕಾಯಿದೆ ಬಂದಮೇಲೆ ಇಲ್ಲಿ ಕಳ್ಳಿನ ಮರಮರಕ್ಕೂ ತೆರಿಗೆ. ಮರ ಹತ್ತುತ್ತಿದ್ದ ಭಂಡಾರಿಗಳು ಗೋಳಾಡಿದರು. 1949ರಲ್ಲಿ ಪಾನನಿರೋಧ ಕಾಯಿದೆಯೂ ಬಂತು. ಇಟಲಿಯಲ್ಲಿ ಕಾಯಿದೆ ಊರಿನ ಹೆಸರು ಕಾಯಿತು, ಇಲ್ಲಿ ಮರ ಎಣಿಸಿತು. ಭಾರತದಲ್ಲೂ ಹೆಸರು ಕಾಯುವ ಕಾನೂನು ಈಗ ಇದೆ. 2009ರಲ್ಲಿ ಗೋವಾದ ಗೋಡಂಬಿ ಫೆನಿಗೆ ಆ ಮುದ್ರೆ ಸಿಕ್ಕಿತು. ಒಂದೇ ದಿನ ಬಾಳುವ ಕಳ್ಳಿಗೆ ಮುದ್ರೆ ಒತ್ತುವುದಾದರೂ ಎಲ್ಲಿ?

ಪ್ರಾಜೆಕ್ಟ್ ಓದಿದ ದಿನ ಮೇಷ್ಟ್ರು ಕೇಳಿದರು, "ನಿಮ್ಮ ಕಡೆ ಇಂಥದ್ದು ಏನಾದರೂ ಇದೆಯೇನಯ್ಯಾ?" ನಾನು "ಇಲ್ಲ ಸರ್" ಅಂದುಬಿಟ್ಟೆ. ಒಳ್ಳೆ ಮಾರ್ಕೂ ಬಂತು.

ಆ ರಾತ್ರಿ ಊರಿಗೆ ಫೋನು ಮಾಡಿ ಅಜ್ಜನ ಹತ್ತಿರ ಕೇಳಿದೆ, ಗೊಂಚಲನ್ನು ಎಷ್ಟು ತೆಳ್ಳಗೆ ಕೆತ್ತಬೇಕು ಅಂತ. "ಯಾಕೆ, ಕಾಲೇಜು ಬಿಟ್ಟು ಮರ ಹತ್ತುತ್ತೀಯಾ?" ಅಂದರು. ಆಮೇಲೆ ಮುಕ್ಕಾಲು ಗಂಟೆ ಕತ್ತಿ ಮಸೆಯುವುದರ ಬಗ್ಗೆಯೇ ಹೇಳಿದರು.